ಬಿಸಿಯಾದರೆ ಬಿಟ್ಟು ಹೋಗುವ ಅಣುಗಳು

ಹೊಳಲ್ಕೆರೆ ಬಸ್ಸಿನಲ್ಲಿ ನನ್ನ ಮಡಿಲಲ್ಲಿ ಒಂದು ಡಬ್ಬಿ ಇತ್ತು. ಒಳಗೆ ನಮ್ಮ ಲ್ಯಾಬಿನ ಬಿಲ್ಲೆ. ನೋಡಲು ಗಾಜು, ಜಾತಿಯಲ್ಲಿ ಉಪ್ಪು. ತೇವ ತಾಗಿದರೆ ಮಬ್ಬಾಗುತ್ತದೆ.

"ಕೂಸಿನಂಗೆ ಹಿಡ್ಕಂಡೀರಲ್ಲ, ಏನೈತ್ರಿ ಅದ್ರಾಗೆ?" ಪಕ್ಕದಲ್ಲಿದ್ದ ಕುರಿಗಾರರ ಮನೆಯ ಹೆಂಗಸು ಕೇಳಿದರು.

ಒಂದಕ್ಕೊಂದು ಸುಮ್ಮನೆ ಒರಗಿಕೊಂಡ ಎರಡು ಅಣುಗಳನ್ನು ಆರ್ಗಾನ್ ಅನಿಲದೊಳಗೆ ಸೇರಿಸಿ, ಈ ಬಿಲ್ಲೆಯ ಮೇಲೆ ಹೆಪ್ಪುಗಟ್ಟಿಸಿ, ಕಣ್ಣಿಗೆ ಕಾಣದ ಅವಕೆಂಪು ಬೆಳಕು ಹಾಯಿಸಿ ಅವುಗಳ ನಡುಕ ನೋಡುತ್ತೇವೆ ಎಂದೆ.

"ಬಿಸಿಯಾದ್ರೆ?"

"ಬಿಟ್ಟು ಹೋಗ್ತವೆ."

"ನಮ್ಮನೇರೂ ಅಷ್ಟೇ. ಬಿಸ್ಲು ಬಲೀತು ಅಂದ್ರೆ ಕುರಿ ಹೊಡ್ಕಂಡು ಭದ್ರಾ ಗದ್ದೆ ಕಡೀಗೆ ಹೋಗ್ತಾರೆ." ಕಿಟಕಿಯಾಚೆಯ ಒಣ ಹೊಲ ನೋಡುತ್ತಾ ಕೇಳಿದರು, "ತಣ್ಣಗಾದ್ಮೇಲೆ ಅವು ತಿರುಗಿ ಬರ್ತವಾ?"

"ಇಲ್ಲಮ್ಮ. ಗಾಳಿ ತೆಗೆಯೋ ಪಂಪು ಎಳ್ಕೊಂಡುಬಿಡುತ್ತೆ."

"ಇವ್ರು ಬರ್ತಾರೆ ನೋಡ್ರಿ. ಮೊದ್ಲ ಮಳೆ ಬಿತ್ತು ಅಂದ್ರೆ ಊರ ಕಡೀಗೆ ತಿರುಗ್ತಾರೆ. ನಿಮ್ಮನೇರು?"

"ಮೇಘಾಲಯದಲ್ಲಿ ಕೆಲಸ. ಬಂದು ಬಹಳ ದಿನವಾಯ್ತು."

"ಮಳೆಗೆ ಬರ್ತಾರೆ ಬಿಡ್ರಿ."

"ಅವರಿರೋ ಕಡೆ ವರ್ಷವೆಲ್ಲ ಮಳೆನೇ," ಎಂದೆ.

ಅವರು ನನ್ನ ಕಡೆ ಸ್ವಲ್ಪ ಸರಿದು ಕೂತರು. ನಾನು ಡಬ್ಬಿಯನ್ನು ಮುಖದಿಂದ ದೂರ ಹಿಡಿದೆ. ಆ ಬಿಲ್ಲೆಗೆ ತೇವ ಆಗಿಬರುವುದಿಲ್ಲ.