ಶರಣಪ್ಪ ಕೇಳದ ಕಳ್ಳು

ಶರಣಪ್ಪ ಅವತ್ತು ಕಳ್ಳು ಕೇಳಲಿಲ್ಲ. ಕೇಳಿದ ಎಂದು ಹೇಳಿದವಳು ನಾನು. ಬಾಗಿಲ ಒಳಗಿನಿಂದ ಅವನು ಕನ್ನಡದಲ್ಲಿ ಹೇಳಿದ್ದು ಬೇರೆ, ಹೊರಗೆ ನಾನು ತೆಲುಗಿನಲ್ಲಿ ಹೇಳಿದ್ದು ಬೇರೆ. ಅವೆರಡರ ನಡುವೆ ಒಬ್ಬ ಮನುಷ್ಯ ಸತ್ತ.

ತೆಲುಗು ಸೀಮೆಯ ಕುಷಾಯಿಗೂಡದಲ್ಲಿ ನಮ್ಮದೊಂದು ಪುಟ್ಟ ಗುಂಪಿತ್ತು — ಈಗಲೂ ಇದೆ. ಕುಡಿತ ಬಿಟ್ಟವರು, ಬಿಡುತ್ತಿರುವವರು, ಅವರ ಹೆಂಡಂದಿರು, ತಾಯಂದಿರು ಭಾನುವಾರ ಸೇರುತ್ತೇವೆ. ಬಿಟ್ಟವನನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಿ ಎಂದು ಮೇಸ್ತ್ರಿಗಳ ಬಳಿ ಹೋಗುತ್ತೇವೆ. ಕುಡುಕನೆಂದು ಬಾಗಿಲಲ್ಲೇ ತಿರುಗಿಸಿ ಕಳಿಸಬೇಡಿ ಎಂದು ದವಾಖಾನೆಯವರನ್ನು ಕೇಳುತ್ತೇವೆ. ನಾನು ಎಂ.ಎ. ಓದಿದವಳು, ಅಪ್ಪ ಕಲಬುರಗಿಯಿಂದ ಸರಕಾರಿ ನೌಕರಿಗೆಂದು ಇಲ್ಲಿಗೆ ಬಂದವರು. ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಾತು ಗುಂಪಿನಲ್ಲಿ ನನಗೊಬ್ಬಳಿಗೇ ತಿಳಿಯುತ್ತಿತ್ತು. ಅದನ್ನು ತೆಲುಗಿಗೆ ತರುವುದು ನನ್ನ ಪಾಲಿನ ಕೆಲಸ. ಅದರ ಬಗ್ಗೆ ನನಗೆ — ಹೇಳಿಬಿಡುತ್ತೇನೆ — ಹೆಮ್ಮೆಯಿತ್ತು.

ಆಗ ನಮ್ಮಲ್ಲೊಂದು ಪದ್ಧತಿ. ಬಿಡಲು ನಿಂತವನು ನಾವು ಸೇರುವ ಮನೆಯ ಹಿಂದಿನ ಕೋಣೆಯ ಕೀಲಿಯನ್ನು ಎಲ್ಲರೆದುರು ತಾನೇ ಒಬ್ಬರ ಕೈಗೆ ಕೊಡಬೇಕು. ಮೊದಲ ದಿನಗಳನ್ನು ಆ ಕೋಣೆಯಲ್ಲೇ ಕಳೆಯಬೇಕು, ಹೊರಗಿನಿಂದ ಬೀಗ. ಒಳಗಿನಿಂದ ಏನು ಕೂಗಿದರೂ ಅದು ಅವನ ಮಾತಲ್ಲ, ಅಮಲಿನ ಮಾತು ಎಂದುಕೊಳ್ಳಬೇಕು. ಮನೆಯವರು ಕರಗಿಬಿಡುತ್ತಾರೆಂದು ಅವರನ್ನು ದೂರ ಕಳಿಸುತ್ತಿದ್ದೆವು. ಕೆಲವರು ಹೀಗೆ ಪಾರಾಗಿ ಬಂದಿದ್ದರು. ಅದು ಪದ್ಧತಿಯ ಗುಣವೆಂದು ನಂಬಿದ್ದೆವು. ಕಾಂಪೌಂಡು ಎಂದು ಇಲ್ಲಿ ಕರೆಯುವ ಕಳ್ಳಿನಂಗಡಿಯಲ್ಲಿ ಮಾರುವ ಕಳ್ಳಿಗೆ ನಿದ್ದೆಮಾತ್ರೆಯ ಪುಡಿ ಬೆರೆಸಿರುತ್ತಾರೆ, ಅದನ್ನು ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಕುತ್ತು ಬರಬಹುದು ಎಂಬುದನ್ನು ವೈದ್ಯರು ನಮಗೆ ಹೇಳಿದ್ದು ಆಮೇಲೆ.

ಶರಣಪ್ಪ ಕಟ್ಟಡಗಳಲ್ಲಿ ಸೆಂಟ್ರಿಂಗ್ ಹಲಗೆ ಕಟ್ಟುವ ಕೆಲಸದವನು. ಕೀಲಿಯನ್ನು ನನ್ನ ಅಂಗೈಗೆ ಹಾಕುತ್ತ ನಕ್ಕಿದ್ದ.

"ಅಕ್ಕೋರ, ನಾ ಎಷ್ಟ ಬಾಯಿ ಬಡಕೊಂಡ್ರೂ ತಗೀಬ್ಯಾಡ್ರಿ. ನಿಮ್ಮ ಅತ್ತಿ ಒಳಗ ಸಿಕ್ಕೊಂಡಾಳ ಅಂತ ತಿಳೀರಿ."

ಅವನ ಹೆಂಡತಿ ಮಲ್ಲಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಅವಳನ್ನು ಶಂಶಾಬಾದಿನ ಅಕ್ಕನ ಮನೆಗೆ ಕಳಿಸಿದೆವು.

ಮರುದಿನ ಬೆಳಿಗ್ಗೆ ಗಂಜಿ ಕೊಡಲು ಬಾಗಿಲು ತೆರೆದೆ. ಅವನು ನನ್ನ ಕಡೆ ನೋಡುತ್ತಿರಲಿಲ್ಲ, ನನ್ನ ಕುತ್ತಿಗೆಯ ಕಡೆ ನೋಡುತ್ತಿದ್ದ. ಇರುವೆ ಹತ್ತಿವೆ, ಇರುವೆ ಹತ್ತಿವೆ ಎಂದು ಒಂದೇ ಸಮ ಹೇಳುತ್ತ ಎರಡೂ ಕೈಯಿಂದ ಕುತ್ತಿಗೆ ಹಿಡಿದ. ಒರೆಸಲು ಬಂದನೋ, ಹಿಸುಕಲು ಬಂದನೋ — ಇವತ್ತಿಗೂ ತಿಳಿಯದು. ಗೋಡೆಗೆ ಒತ್ತಿದ ನನ್ನ ಬೆನ್ನು, ಉಸಿರು ಸಿಗದೆ ಕಪ್ಪಾದ ಕಣ್ಣು… ಬಟ್ಟೆ ಒಣಗಿಸುವಾಗ, ಬಸ್ಸಿನಲ್ಲಿ ನಿಂತಾಗ, ಈಗಲೂ ಅದು ಬರುತ್ತದೆ. ಯಾದಮ್ಮ ನನ್ನನ್ನು ಹೊರಗೆಳೆದು ಬೀಗ ಹಾಕಿದಳು. ತನ್ನ ಇಬ್ಬರು ಮಕ್ಕಳನ್ನು ಕುಡಿತದಿಂದ ಬಿಡಿಸಿದ, ಗುಂಪಿನ ಹಿರಿಯಳು ಆಕೆ. ತೆಲುಗು ಬಿಟ್ಟು ಬೇರೆ ಭಾಷೆ ಬಾರದು.

ಮಧ್ಯಾಹ್ನ ನಾವಿಬ್ಬರೇ ಬಾಗಿಲಾಚೆ ಕೂತಿದ್ದೆವು. ಆಕೆ ಸೊಪ್ಪು ಬಿಡಿಸುತ್ತಿದ್ದಳು. ಒಳಗಿನಿಂದ ಶರಣಪ್ಪನ ದನಿ ಬಂತು — ಬೆಳಗಿನ ದನಿಯಲ್ಲ. ಸಣ್ಣಗೆ, ತಿಳಿಯಾಗಿ, ಬಾಗಿಲಿಗೆ ಬಾಯಿ ಹಚ್ಚಿ ಮಾತಾಡಿದಂತಿತ್ತು; ಬಾಗಿಲಿಗೆ ಒರಗಿ ಕೂತ ನನಗಷ್ಟೇ ಬಿಡಿಸಿ ಕೇಳುವಷ್ಟು.

"ಅಕ್ಕೋರ, ಕಳ್ಳು ಬ್ಯಾಡ್ರಿ. ಕೈಕಾಲು ಸೆಟದು ಬರಾಕತ್ತಾವ. ದವಾಖಾನಿಗೆ ಒಯ್ರಿ. ಮಲ್ಲೀನ್ನ ಕರೀರಿ, ಮಲ್ಲೀನ್ನ."

ಯಾದಮ್ಮ ಸೊಪ್ಪು ಕೆಳಗಿಟ್ಟು ನನ್ನತ್ತ ತಿರುಗಿದಳು. "ಏಮಂಟುಂಡು ಬಿಡ್ಡಾ?" ಏನಂತಾನೆ, ಮಗಳೇ?

ಕಳ್ಳು ಕೇಳುತ್ತಿದ್ದಾನೆ ಎಂದೆ.

ಅಷ್ಟೇ. ಅವನು ಹೇಳಿದ್ದು ನನಗೆ ಕೇಳಿಸಿತ್ತು, ಅರ್ಥವೂ ಆಗಿತ್ತು. ಹೆದರಿದ್ದೆ — ನಿಜ. ಬಾಗಿಲು ತೆರೆದರೆ ಮತ್ತೆ ಆ ಕೈಗಳು. ಆದರೆ ತೆರೆಯುವುದು ನಾನೇ ಆಗಬೇಕಿರಲಿಲ್ಲ. ಯಾದಮ್ಮ ತೆರೆಯುತ್ತಿದ್ದಳು, ಆಟೋ ಸ್ಟ್ಯಾಂಡಿನಿಂದ ನಾಲ್ಕು ಜನರನ್ನು ಕರೆದು ತರುತ್ತಿದ್ದಳು. ನಾನು ಮಾಡಬೇಕಿದ್ದುದು ಅವನ ಮಾತನ್ನು ಈಚೆ ದಾಟಿಸುವುದು ಮಾತ್ರ. ಕೀಲಿ ಇದ್ದದ್ದು ನನ್ನ ಸೊಂಟದಲ್ಲಿ; ಆದರೆ ನಾನು ಹಾಕಿದ ನಿಜವಾದ ಬೀಗ —

ಆಮೇಲೆ ಬಾಗಿಲು ಬಡಿದ ಸದ್ದು. ಆಮೇಲೆ ಹಿಮ್ಮಡಿಗಳು ನೆಲಕ್ಕೆ ಬಡಿಯುವ ಸದ್ದು. ಆಮೇಲೆ ಏನೂ ಇಲ್ಲ. ಯಾದಮ್ಮ ಮತ್ತೆ ಮುಖ ನೋಡಿದಳು. ಮಲಗಿದ ಎಂದೆ. ಅದೂ ನನ್ನದೇ ಮಾತು.

ಸಂಜೆ ತೆರೆದಾಗ ಬಾಗಿಲಿಗೇ ಒರಗಿ ಬಿದ್ದಿದ್ದ. ತಳ್ಳಿ ಒಳಗೆ ಹೋಗಬೇಕಾಯಿತು.

ದವಾಖಾನೆಯಲ್ಲಿ ಕೇಳಿದವರಿಗೂ, ಪೊಲೀಸರಿಗೂ ಅದನ್ನೇ ಹೇಳಿದೆ: ಕಳ್ಳಿಗಾಗಿ ಕೂಗಿದ, ಮಲಗಿದ. ಮಲ್ಲಮ್ಮನಿಗೂ ಅದನ್ನೇ. ಅವಳು ಅಳು ನಿಲ್ಲಿಸಿ ನನ್ನ ಬಾಯಿಯನ್ನೇ ನೋಡುತ್ತ, ನನ್ನ ಹೆಸರು ಹೇಳಲಿಲ್ಲೇನು ಎಂದು ಕೇಳಿದಳು. ಇಲ್ಲ ಎಂದೆ.

ಆ ಪದ್ಧತಿಯನ್ನು ಗುಂಪು ಅಂದೇ ಕೈಬಿಟ್ಟಿತು. ಕಳ್ಳು ಬಿಡುವವರನ್ನು ಈಗ ನೇರ ದವಾಖಾನೆಗೇ ಒಯ್ಯುತ್ತೇವೆ, ಹಾಸಿಗೆ ಕೊಡುವತನಕ ಕದಲುವುದಿಲ್ಲ. ಎಷ್ಟೋ ಜನ ಉಳಿದಿದ್ದಾರೆ. ನಾನು ಬಾಯಿಬಿಟ್ಟರೆ ಈ ಗುಂಪು ಮುಚ್ಚಿಹೋಗುತ್ತದೆ, ಕಾಂಪೌಂಡಿನವರು ಅದಕ್ಕೇ ಕಾದಿದ್ದಾರೆ — ಎಂದು ವರ್ಷಗಟ್ಟಲೆ ನನಗೆ ನಾನೇ ಹೇಳಿಕೊಂಡೆ. ಗುಂಪು ಬಿಟ್ಟುಹೋಗಲೂ ಆಗಲಿಲ್ಲ. ಹೋದರೆ ಯಾಕೆ ಎನ್ನುತ್ತಾರೆ. ಇದ್ದರೆ ಪ್ರತಿ ಭಾನುವಾರ ಯಾದಮ್ಮ ತನ್ನ ಪಕ್ಕದಲ್ಲಿ ಜಾಗ ಮಾಡಿಕೊಡುತ್ತಾಳೆ.

ಹೋದ ಭಾನುವಾರ ಹೊಸದಾಗಿ ಬಂದ ಹೆಂಗಸರ ಮುಂದೆ ಮಲ್ಲಮ್ಮ ಎದ್ದು ನಿಂತಳು. "ನನ್ನ ಗಂಡ ಸಾಯೂ ಮುಂದ ನನ್ನ ಹೆಸರ ಅನ್ಲಿಲ್ಲ, ಕಳ್ಳು ಅಂದ. ಕಳ್ಳು ಹಂಗ ಮಾಡ್ತೈತಿ," ಅಂದಳು. ಎಲ್ಲರೂ ನನ್ನ ಕಡೆ ತಿರುಗಿದರು. ತೆಲುಗಿನಲ್ಲಿ ಹೇಳಬೇಕಲ್ಲ. ಹೇಳಿದೆ. ಅವತ್ತು ಒಂದು ಶಬ್ದವನ್ನೂ ಬದಲಿಸಲಿಲ್ಲ.

ನಾಲ್ಕು ದಿನ ತಡೆದು ಶಂಶಾಬಾದಿಗೆ ಹೋದೆ. ಗಂಡ ಹೋದಮೇಲೆ ಅಕ್ಕನ ಮನೆಯಲ್ಲೇ ಉಳಿದಿದ್ದ ಮಲ್ಲಮ್ಮ ಕೆಲಸದಿಂದ ಬಂದು ಕಾಲು ತೊಳೆಯುತ್ತಿದ್ದಳು. ಅಲ್ಲೇ, ನಿಂತಲ್ಲೇ ಹೇಳಿದೆ. ಕ್ಷಮೆ ಕೇಳಲಿಲ್ಲ — ಕೇಳುವ ಬಾಯಿ ಇರಲಿಲ್ಲ. ಅವಳು ನಲ್ಲಿ ನಿಲ್ಲಿಸಿದಳು. ಬೈಯಲಿಲ್ಲ, ಕೂಡ್ರಿ ಎನ್ನಲೂ ಇಲ್ಲ.

"ಅಂವ ಹೆಂಗಂದ್ನೋ ಹಂಗಽ ಅನ್ರಿ," ಅಂದಳು.

ಅಂದೆ. ಮಲ್ಲೀನ್ನ ಕರೀರಿ ಎಂಬಲ್ಲಿಗೆ ಬಂದಾಗ ಕೈಯೆತ್ತಿ ತಡೆದಳು. ಕೈ ಇಳಿಸಿ, "ಇನ್ನೊಮ್ಮಿ," ಅಂದಳು. ಇನ್ನೊಮ್ಮೆ ಅಂದೆ.

"ಅಲ್ಲೀನೂ ಹೇಳ್ರಿ, ಎಲ್ಲಾರ ಮುಂದ. ತೆಲುಗಿನ್ಯಾಗ. ನೀವಽ ಹೇಳ್ರಿ," ಅಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ನಾಳೆ ಭಾನುವಾರ. ಹೋಗುತ್ತೇನೆ. ಆಮೇಲೆ ಅವರು ನನ್ನನ್ನು ಏನು ಮಾಡಿದರೂ ಅದು ಅವರ ಹಕ್ಕು. ತೆಲುಗಿನಲ್ಲಿ ಆ ಮಾತುಗಳನ್ನು ಬೆಳಗಿನಿಂದ ಕಟ್ಟಿಕೊಳ್ಳುತ್ತಿದ್ದೇನೆ — ಕಷ್ಟದ ಮಾತೊಂದೂ ಇಲ್ಲ. ಯಾದಮ್ಮ ಎದುರಿಗೇ ಕೂತಿರುತ್ತಾಳೆ.