ಸುಡದ ಬೆಂಕಿ

ಕುಮಟೆಯ ಕಾಲೇಜಿನಲ್ಲಿ ನಾನು ಕಟ್ಟಿದ ಪ್ಲಾಸ್ಮಾ ಜೆಟ್ ನೋಡಲು ಅಪ್ಪ ತೆಂಗಿನಗುಂಡಿಯಿಂದ ಬಸ್ಸು ಹತ್ತಿ ಬಂದಿದ್ದ. ಸಕ್ಕರೆ ಕಾಯಿಲೆಯವರ ಗಾಯ ಮಾಯಿಸುವ ಯಂತ್ರವೆಂದು ಊರಿಗೆಲ್ಲ ಹೇಳಿದ್ದ. ಆ ಕಾಯಿಲೆ ಅವನಿಗೂ ಇತ್ತು.

ಗಾಜಿನ ಕೊಳವೆಯಲ್ಲಿ ಆರ್ಗಾನ್ ಅನಿಲ ಹರಿಯುತ್ತದೆ. ಮೈಕ್ರೋವೇವ್ ಅದರೊಳಗಿನ ಬಿಡಿ ಎಲೆಕ್ಟ್ರಾನುಗಳನ್ನು ಕುಲುಕಿದಾಗ ಅವು ಪರಮಾಣುಗಳಿಗೆ ಗುದ್ದಿ ಇನ್ನಷ್ಟು ಎಲೆಕ್ಟ್ರಾನುಗಳನ್ನು ಕೀಳುತ್ತವೆ. ಹಾಗೆ ಹೊತ್ತಿದ ನೇರಳೆ ಬೆಳಕನ್ನು ಅನಿಲದ ಹರಿವು ತಂಪಾಗಿಟ್ಟು ಹೊರಕ್ಕೆ ತಳ್ಳುತ್ತದೆ. ಹೊರಗಿನ ಗಾಳಿ ಅದರ ಶಕ್ತಿ ಹೀರಿಕೊಂಡು, ಎರಡು ಬೆರಳಗಲ ದಾಟುವುದರೊಳಗೆ ಅದನ್ನು ಕೊಲ್ಲುತ್ತದೆ. ಇಷ್ಟೆಲ್ಲ ವಿವರಿಸಿ, "ಸುಡುದಿಲ್ಲ ಅಪ್ಪಾ, ಮುಟ್ಟಿ ನೋಡು" ಎಂದೆ.

ಬೆಳಕಿನ ತುದಿಗೆ ಬೆರಳಿಟ್ಟು ಅಪ್ಪ, "ಎಂತದೂ ಆಗುದಿಲ್ಲ" ಎಂದು ನಕ್ಕ. ನಾನು ಬೀಗಿದೆ. ಚರ್ಮ ಕರಟಿದ ವಾಸನೆ ಬಂದ ಮೇಲೆಯೇ ಮೀಟರ್ ನೋಡಿದ್ದು. ಆರ್ಗಾನ್ ಸಿಲಿಂಡರ್ ಖಾಲಿಯಾಗುತ್ತ ಬಂದು ಹರಿವು ಕುಗ್ಗಿತ್ತು. ಹರಿವು ಕುಗ್ಗಿದರೆ ಜೆಟ್ ಕಾದು ಸುಡುತ್ತದೆ. ನನ್ನ ಪಾಂಡಿತ್ಯಕ್ಕಿಷ್ಟು ಬೆಂಕಿ ಹಾಕ!

"ಉರಿಯುದಿಲ್ವ ಅಪ್ಪಾ?"

"ಬೆರಳಿಗೆ ಎಂತದೂ ಗೊತ್ತಾಗದೇ ವರ್ಷ ಆತು. ಬಲೆಯ ಗಂಟನ್ನೂ ಕಣ್ಣಲ್ಲೇ ನೋಡಿ ಹಾಕುದು."

ಗಾಯ ಕೀವಾಗಿ, ಹೊನ್ನಾವರದ ಆಸ್ಪತ್ರೆಯಲ್ಲಿ ಆ ಬೆರಳು ತೆಗೆದರು. ಮನೆಗೆ ಬಂದವರಿಗೆಲ್ಲ ಅಪ್ಪ ಈಗಲೂ ಹೇಳುತ್ತಾನೆ: "ನನ್ನ ಮಗಳ ಬೆಂಕಿ ಸುಡುದಿಲ್ಲ."