ಅಳಿಯನ ಕೋಣೆ

ನಮ್ಮ ಮನೆಯಲ್ಲಿ ಯಾರೂ ಕನ್ನಡದಲ್ಲಿ ಜಗಳವಾಡಿದವರಲ್ಲ. ಜಗಳ, ಮುದ್ದು, ಶಾಪ ಎಲ್ಲವೂ ನಮ್ಮ ಕರಾವಳಿ ಮುಸ್ಲಿಮರ ಮನೆಮಾತಾದ ಬ್ಯಾರಿಯಲ್ಲಿ. ಕನ್ನಡವೇನಿದ್ದರೂ ಶಾಲೆಗೆ, ಬ್ಯಾಂಕಿಗೆ, ಡಾಕ್ಟರರ ಮುಂದೆ. ಹಾಗಾಗಿ ನಾನು ಕುಟುಂಬದ ಕಥೆ ಬರೆಯಲು ಕುಳಿತಾಗಲೆಲ್ಲ ನನ್ನ ಕಥೆಯ ಹೆಂಗಸರು ಬ್ಯಾಂಕಿನ ಕೌಂಟರಿನಲ್ಲಿ ನಿಂತವರ ಹಾಗೆ ಮರ್ಯಾದೆಯಿಂದ ಕಚ್ಚಾಡುತ್ತಾರೆ. ಓದಿದರೆ ನನಗೇ ಸಿಟ್ಟು ಬರುತ್ತದೆ.

ಒಂದು ಕಥೆ ಮಾತ್ರ ಈ ಕಷ್ಟ ಕೊಡಲಿಲ್ಲ. ಅದರ ಇಬ್ಬರು ಹೆಂಗಸರು ಒಬ್ಬರೊಡನೊಬ್ಬರು ಮಾತೇ ಆಡುವುದಿಲ್ಲ. ಅವರು ನನ್ನ ಉಮ್ಮ ಮತ್ತು ಅವಳ ಅಕ್ಕ, ನನ್ನ ದೊಡ್ಡಮ್ಮ.

ನಮ್ಮ ಕಡೆ ಹಿಂದೆ ಮದುವೆಯಾದ ಹುಡುಗಿ ಗಂಡನ ಮನೆಗೆ ಹೋಗುತ್ತಿರಲಿಲ್ಲ. ಗಂಡನೇ ಅವಳ ತಾಯಿಮನೆಗೆ ಬರಬೇಕು. ಬರುವ ಅಳಿಯನಿಗೆ ಒಂದು ಒಳ್ಳೆಯ ಕೋಣೆ ಕೊಡದಿದ್ದರೆ ಅದು ಮನೆಗೇ ಅವಮಾನ. ಕಂಕನಾಡಿಯ ಅಜ್ಜಿಮನೆಯಲ್ಲಿ ಇದ್ದದ್ದು ಅಂಥ ಒಂದೇ ಕೋಣೆ. ಮೊದಲು ಅದು ದೊಡ್ಡಮ್ಮನ ಗಂಡನದ್ದಾಗಿತ್ತು. ಅವರು ಗಲ್ಫಿನಲ್ಲಿ ತೀರಿಕೊಂಡರು. ಕೆಲವು ವರ್ಷಗಳ ನಂತರ ಉಮ್ಮನ ಮದುವೆಯಾದಾಗ ಅದೇ ಕೋಣೆ ನನ್ನ ತಂದೆಗೆ ಹೋಯಿತು. ದೊಡ್ಡಮ್ಮ ಮಗಳೊಂದಿಗೆ ಮನೆಯ ಮುಂದಿನ ಚಾವಡಿಯಲ್ಲಿ ಮಲಗತೊಡಗಿದಳು. ಅಂದಿನಿಂದ ಅಕ್ಕತಂಗಿಯರ ಮಾತು ನಿಂತಿತು. ಒಂದೇ ಒಲೆಯ ಮುಂದೆ ಕೂತು ಅಡುಗೆ ಮಾಡಿದರು, ನಮ್ಮನ್ನೆಲ್ಲ ಸಾಕಿದರು, ಮಾತಿಲ್ಲ. ಎರಡು ಜಡೆ ಕೂಡುವುದಿಲ್ಲ ಎಂದು ಗಂಡಸರು ನಕ್ಕು ಹೊರಗೆ ಹೋದರು. ಗಂಡಸರ ಗಾದೆಗಳು ಯಾವಾಗಲೂ ಅಷ್ಟೇ ಸುಲಭ.

ಈಗ ದೊಡ್ಡಮ್ಮ ಉಳ್ಳಾಲದಲ್ಲಿ ಮಗಳ ಜೊತೆ ಇದ್ದಾಳೆ. ಹಬ್ಬಕ್ಕೆ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಒಂದು ಪಾತ್ರೆ ತುಪ್ಪದನ್ನ ಹೋಗಿಬರುತ್ತದೆ. ಅವರ ನಡುವೆ ಉಳಿದದ್ದು ಅಷ್ಟೇ. ದೊಡ್ಡಮ್ಮ ಕನ್ನಡ ವಾರಪತ್ರಿಕೆಗಳನ್ನು ಬಿಡದೆ ಓದುವವಳು. ಕಥೆ ಅಚ್ಚಾದರೆ ಆ ಪಾತ್ರೆಯೂ ನಿಂತೀತೆಂದು ನನಗೆ ಹೆದರಿಕೆಯಿತ್ತು. ಕನ್ನಡ ಓದಲು ಬಾರದ ಉಮ್ಮನಿಗೂ ಅದೇ ಹೆದರಿಕೆ. "ಮೊದಲು ನನಗೆ ಓದಿ ಹೇಳು," ಎಂದಳು.

ನಾನು ಒಂದೊಂದೇ ವಾಕ್ಯವನ್ನು ಬ್ಯಾರಿಗೆ ತಿರುಗಿಸುತ್ತ ಓದಿದೆ. ಉಮ್ಮ ಬೆಳ್ಳುಳ್ಳಿ ಸುಲಿಯುತ್ತ ಕೇಳಿದಳು. ಕೊನೆಯ ಪುಟದಲ್ಲಿ ಅಕ್ಕತಂಗಿಯರು ಅಪ್ಪಿಕೊಂಡು ಅಳುತ್ತಾರೆ. ಅಲ್ಲಿ ಅವಳ ಕೈ ನಿಂತಿತು.

"ಇದು ಎಂತ ಮಾರಾಯ್ತಿ, ಸಿನಿಮಾವಾ? ತೆಗಿ ಅದನ್ನು."

"ಹಾಗಾದ್ರೆ ನೀನೇ ಹೇಳು. ಅಷ್ಟು ವರ್ಷ ಯಾಕೆ ಮಾತಾಡಿಸ್ಲಿಲ್ಲ?"

"ಅವಳ ಕೋಣೆಯಲ್ಲಿ ನಾನು ಮಲಗಿದ್ದೆ. ಮಾತಾಡ್ಸಿದ್ರೆ, 'ಪರವಾಗಿಲ್ಲ' ಅಂತ ಅವಳು ಹೇಳ್ಬೇಕಾಗ್ತಿತ್ತು. ಗಂಡ ಸತ್ತವಳ ಬಾಯಿಂದ ಅದನ್ನೂ ಹೇಳಿಸ್ಲಿಕ್ಕುಂಟಾ?"

ನನಗೆ ಉಮ್ಮನ ಬಗ್ಗೆ ಹೆಮ್ಮೆಯೆನಿಸಿತು. ಅಪ್ಪುಗೆಯನ್ನು ತೆಗೆದುಹಾಕಿ ಅವಳು ಹೇಳಿದಂತೆಯೇ ಬರೆದು ಕಳಿಸಿದೆ. ಕಥೆಗೆ ಮುಕ್ತಾಯವೇ ಇಲ್ಲವಲ್ಲ ಎಂದು ಸಂಪಾದಕರು ಗೊಣಗಿದರು. ಆದರೂ ಅಚ್ಚು ಹಾಕಿದರು.

ಪತ್ರಿಕೆ ಬಂದ ವಾರವೇ ದೊಡ್ಡಮ್ಮನ ಫೋನ್ ಬಂತು. ಹೆದರಿಕೆ ಉಮ್ಮನದ್ದೂ ಆಗಿದ್ದರಿಂದ ಅವಳಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದೆ.

"ಕಥೆ ಓದಿದೆ. ಚಂದ ಉಂಟು. ಆದ್ರೆ ಸುಳ್ಳು."

"ಎಂತ ಸುಳ್ಳು ದೊಡ್ಡಮ್ಮ?"

"ಆ ಕೋಣೆ ಅವಳಿಗೆ ಕೊಡುವ ಅಂತ ನಿನ್ನ ಅಜ್ಜಿಗೆ ಹೇಳಿದ್ದೇ ನಾನು. ಹೊಸ ಅಳಿಯ ಚಾವಡಿಯಲ್ಲಿ ಮಲಗ್ಲಿಕ್ಕೆ ಆಗ್ತದಾ? ನನ್ನ ಬಟ್ಟೆಬರೆ ನಾನೇ ಹೊರಗೆ ತಂದೆ. ಅವಳು ಬಂದು ಒಂದು ಮಾತು ಹೇಳ್ತಾಳೆ ಅಂತ ಕಾದೆ. ಬರ್ಲೇ ಇಲ್ಲ. ಕೋಣೆ ಸಿಕ್ಕಿದ ಮೇಲೆ ಅಕ್ಕ ಯಾಕೆ, ಅಲ್ವಾ?"

ನಾನು ಉಮ್ಮನ ಮುಖ ನೋಡಿದೆ. ಇದನ್ನು ಅವಳು ಮೊದಲ ಬಾರಿಗೆ ಕೇಳುತ್ತಿದ್ದಳು. ಅಜ್ಜಿ ಸಾಯುವವರೆಗೂ ಹೇಳಿರಲಿಲ್ಲ. ಹೇಳುವಂಥದ್ದು ಎಂದು ಅಜ್ಜಿಗೆ ಅನಿಸಿರಲೂ ಇಲ್ಲವೇನೋ. ಅಷ್ಟು ವರ್ಷ ಉಮ್ಮ ಮರ್ಯಾದೆಯೆಂದು ಸುಮ್ಮನಿದ್ದದ್ದು ದೊಡ್ಡಮ್ಮನಿಗೆ ಕೊಬ್ಬಾಗಿ ಕಂಡಿತ್ತು. ನನಗೆ ಅಜ್ಜಿಯ ಮೇಲೆ ವಿಪರೀತ ಸಿಟ್ಟು ಬಂತು.

ಉಮ್ಮ ನನ್ನ ಕೈಯಿಂದ ಫೋನ್ ತೆಗೆದುಕೊಂಡು ಸ್ಪೀಕರಿನಲ್ಲಿದ್ದ ಹಾಗೆಯೇ ಕಿವಿಗೆ ಒತ್ತಿಕೊಂಡಳು. ಬೇರೆ ಉಸಿರು ಕೇಳಿ "ಯಾರು?" ಎಂದಳು ದೊಡ್ಡಮ್ಮ. ಉಮ್ಮ ಎರಡೂ ಕೈಯಲ್ಲಿ ಫೋನ್ ಹಿಡಿದುಕೊಂಡಳು. ಅತ್ತಲಿಂದ ಮತ್ತೆ ಪ್ರಶ್ನೆ ಬರಲಿಲ್ಲ, ಯಾರೆಂದು ಗೊತ್ತಾಗಿರಬೇಕು. ಇಬ್ಬರ ಉಸಿರೂ ನನಗೆ ಕೇಳುತ್ತಿತ್ತು. ಒಳಗೆ ಗಂಜಿ ಉಕ್ಕಿ ಒಲೆಯ ಮೇಲೆ ಸುರಿಯಿತು. ನಾನು ಹೋಗಿ ಗ್ಯಾಸ್ ಆರಿಸಿ, ಒರೆಸಿ ಬಂದೆ. ಆಗಲೂ ಇಬ್ಬರಲ್ಲಿ ಒಬ್ಬರೂ ಫೋನ್ ಇಟ್ಟಿರಲಿಲ್ಲ.